ಮಾಡ್ಯುಲಸ್: ಒಂದು ಕಿರು ಅಳತೆಯ ಚರಿತ್ರೆ

ಲ್ಯಾಟಿನ್ ಭಾಷೆಯಲ್ಲಿ ‘ಮೋಡಸ್’ ಎಂದರೆ ಅಳತೆ, ‘ಮಾಡ್ಯುಲಸ್’ ಎಂದರೆ ಕಿರು ಅಳತೆ. ಗಣಿತಕ್ಕೆ ಬರುವ ಎಷ್ಟೋ ಮೊದಲೇ ಈ ಪದ ಕಟ್ಟಡ ಕಟ್ಟುವವರ ಬಳಕೆಯಲ್ಲಿತ್ತು. ಕ್ರಿ.ಪೂ. 1ನೇ ಶತಮಾನದ ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್ ಡೋರಿಕ್ ಶೈಲಿಯ ಗುಡಿಯ ಮುಂಭಾಗವನ್ನು ಸಮಪಾಲು ಮಾಡಿ, ಅದರ ಒಂದು ಪಾಲನ್ನು ಮಾಡ್ಯುಲಸ್ ಎಂದು ಕರೆದ. ಕಂಬದ ದಪ್ಪ ಅಂಥ 2 ಪಾಲು. ಎತ್ತರ, ಬೋದಿಗೆಯೂ ಸೇರಿ, 14 ಪಾಲು. ಗುಡಿ ಚಿಕ್ಕದಾದರೂ ದೊಡ್ಡದಾದರೂ ಈ ಪ್ರಮಾಣ ಕೆಡುವುದಿಲ್ಲ.

ಇಂಗ್ಲೆಂಡಿನ ರೋಜರ್ ಕೋಟ್ಸ್ 1714ರಲ್ಲಿ ಇದೇ ಪದವನ್ನು ಲಾಗರಿದಮ್‌ಗಳಿಗೆ ಹೊಂದಿಸಿದ. ಒಂದು ಪದ್ಧತಿಯ ಲಾಗರಿದಮ್‌ಗಳನ್ನು ಇನ್ನೊಂದಕ್ಕೆ ತಿರುಗಿಸುವ ಗುಣಕವೇ ಅವನ ಮಾಡ್ಯುಲಸ್. 2ರ ಸ್ವಾಭಾವಿಕ ಲಾಗರಿದಮ್ 0.6931; ಅದನ್ನು 0.4343ರಿಂದ ಗುಣಿಸಿದರೆ ಶಾಲೆಯ ಕೋಷ್ಟಕದಲ್ಲಿ ಕಾಣುವ 0.3010 ಸಿಗುತ್ತದೆ.

ಪದಕ್ಕೆ ದೊಡ್ಡ ತಿರುವು ಕೊಟ್ಟವನು ಜರ್ಮನಿಯ ಗೌಸ್. 1801ರಲ್ಲಿ, 24ರ ವಯಸ್ಸಿನಲ್ಲಿ, ಲ್ಯಾಟಿನ್‌ನಲ್ಲಿ ಪ್ರಕಟಿಸಿದ ಸಂಖ್ಯಾ ಸಿದ್ಧಾಂತದ ಗ್ರಂಥವನ್ನು ಅವನು ಆರಂಭಿಸಿದ್ದೇ ಈ ವ್ಯಾಖ್ಯೆಯಿಂದ: ಎರಡು ಸಂಖ್ಯೆಗಳ ವ್ಯತ್ಯಾಸವನ್ನು ಮೂರನೆಯದೊಂದು ನಿಶ್ಶೇಷವಾಗಿ ಭಾಗಿಸಿದರೆ ಆ ಎರಡೂ ಸಮಶೇಷ, ಭಾಗಿಸುವ ಸಂಖ್ಯೆ ಮಾಡ್ಯುಲಸ್. ರೈಲ್ವೆ ವೇಳಾಪಟ್ಟಿಯ 17 ಗಂಟೆ ಗೋಡೆ ಗಡಿಯಾರದಲ್ಲಿ 5 ಆಗುವುದು 12 ಎಂಬ ಮಾಡ್ಯುಲಸ್‌ನಿಂದಲೇ. ಶೇಷಗಳ ಲೆಕ್ಕ ಆಗ ಹೊಸದೇನಲ್ಲ. ಆರ್ಯಭಟನ ಗ್ರಂಥದಲ್ಲಿ ಕುಟ್ಟಕದ ವಿಧಾನವಿದೆ. ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ದಲ್ಲಿಯೂ ಅಂಥ ಲೆಕ್ಕಗಳು ಬೇಕಾದಷ್ಟಿವೆ. ಗೌಸ್ ತಂದದ್ದು ಒಂದು ಭಾಷೆಯನ್ನು. ಸಮಶೇಷಕ್ಕೆ ಮೂರು ಅಡ್ಡಗೆರೆಗಳ ಚಿಹ್ನೆ ಕೊಟ್ಟು, ಸಮೀಕರಣಗಳಂತೆಯೇ ಅವನ್ನೂ ಕೂಡಿಸಿ, ಕಳೆದು, ಗುಣಿಸಬಹುದೆಂದು ತೋರಿಸಿದ. ಚೆದುರಿಹೋಗಿದ್ದ ಉಪಾಯಗಳು ಒಂದು ಶಾಸ್ತ್ರವಾದದ್ದು ಹೀಗೆ. ‘ಮಾಡ್ಯುಲೋ’ ಎಂಬುದು ಅದೇ ಪದದ ವಿಭಕ್ತಿರೂಪ: ‘ಈ ಅಳತೆಯಿಂದ ನೋಡಿದರೆ’ ಎಂಬರ್ಥ.

ಪಿಯುಸಿ ವಿದ್ಯಾರ್ಥಿಗೆ ಎದುರಾಗುವ ಮಾಡ್ಯುಲಸ್ ಮಾತ್ರ ಬೇರೆಯದು. ಸಂಮಿಶ್ರ ಸಂಖ್ಯೆಗಳನ್ನು ಸಮತಲದ ಬಿಂದುಗಳಾಗಿ ಕಂಡ ಆರ್ಗಾನ್, ಮೂಲಬಿಂದುವಿನಿಂದ ಅವುಗಳ ದೂರಕ್ಕೆ ಫ್ರೆಂಚಿನ ‘ಮಾಡ್ಯೂಲ್’ ಎಂಬ ಹೆಸರಿಟ್ಟ. 1821ರಲ್ಲಿ ಕೋಶಿ ತನ್ನ ಪಠ್ಯದಲ್ಲಿ ಅದನ್ನು ಬಳಸಿದ ಮೇಲೆ ಅದು ನೆಲೆನಿಂತಿತು. ವಾಸ್ತವ ಭಾಗ 3, ಕಾಲ್ಪನಿಕ ಭಾಗ 4 ಇದ್ದರೆ ಮಾಡ್ಯುಲಸ್ 5. ಎರಡು ನೆಟ್ಟಗೆರೆಗಳ ಚಿಹ್ನೆಯನ್ನು ವೈಯರ್‌ಸ್ಟ್ರಾಸ್ 1841ರಲ್ಲಿ ತಂದ.

ದೀರ್ಘವೃತ್ತೀಯ ಅನುಕಲಗಳಲ್ಲಿ ಲೆಜೆಂಡ್ರ್ ಮತ್ತು ಯಾಕೋಬಿ ಮಾಡ್ಯುಲಸ್ ಎಂದದ್ದು ಇನ್ನೊಂದನ್ನು. ದೀರ್ಘವೃತ್ತದ ಪರಿಧಿಯ ಲೆಕ್ಕದಲ್ಲಿ ಅದು ಉತ್ಕೇಂದ್ರತೆಯೇ. ಪೈ ಬೆಲೆಗಾಗಿ 1914ರಲ್ಲಿ ರಾಮಾನುಜನ್ ಬಳಸಿದ ‘ಮಾಡ್ಯುಲರ್ ಸಮೀಕರಣ’ಗಳ ಹೆಸರಿನ ಮೂಲ ಇದು, ಗೌಸ್‌ನ ಶೇಷಗಳಲ್ಲ. 1857ರಲ್ಲಿ ರೀಮಾನ್ ಒಂದು ಮೇಲ್ಮೈಯ ಸಂಮಿಶ್ರ ರಚನೆಯನ್ನು ಗುರುತಿಸಲು ಬೇಕಾದ ಸಂಖ್ಯೆಗಳನ್ನೂ ಮಾಡ್ಯುಲಸ್‌ಗಳೆಂದ. 1871ರಲ್ಲಿ ಡೆಡೆಕಿಂಡ್, ಕೂಡಿದರೂ ಕಳೆದರೂ ಹೊರಗೆ ಹೋಗದ ಸಂಖ್ಯೆಗಳ ಗಣಕ್ಕೆ ‘ಮೋಡುಲ್’ ಎಂದು ಹೆಸರಿಟ್ಟ. 12ರ ಎಲ್ಲ ಅಪವರ್ತ್ಯಗಳು ಅಂಥದೊಂದು ಗಣ. ಒಂಟಿ ಭಾಜಕದ ಜಾಗದಲ್ಲಿ ಇಡೀ ಗಣವನ್ನೇ ಕೂರಿಸಿದ್ದರಿಂದ ಗೌಸ್‌ನ ಪದ ಇಲ್ಲಿಗೂ ಸಲ್ಲುತ್ತದೆ. ಇಷ್ಟೆಲ್ಲ ಅರ್ಥಗಳಲ್ಲಿ ಗೌಸ್‌ನ ಅರ್ಥಕ್ಕೆ ಹೀಗೆ ನೇರವಾಗಿ ಹೊಂದಿಕೊಂಡದ್ದು ಬಹುಶಃ ಇದೊಂದೇ.

ಕಂಪ್ಯೂಟರ್ ಬಳಕೆಯಲ್ಲಿ ಅರ್ಥ ಮತ್ತೆ ಜಾರಿದೆ. ಅಲ್ಲಿ ಮಾಡ್ಯುಲಸ್ ಕ್ರಿಯೆಯೆಂದರೆ ಶೇಷ ಕಂಡುಹಿಡಿಯುವುದು. ಆದರೆ ಗೌಸ್‌ನಲ್ಲಿ ಮಾಡ್ಯುಲಸ್ ಭಾಜಕ, ಶೇಷವಲ್ಲ. ಋಣ ಸಂಖ್ಯೆಗಳಲ್ಲಿ ಉತ್ತರವೂ ಬೇರೆಯಾಗುತ್ತದೆ: -7 ಅನ್ನು 3ರಿಂದ ಭಾಗಿಸಿದರೆ ಶೇಷ ಸಿ ಭಾಷೆಯಲ್ಲಿ -1, ಪೈಥಾನ್‌ನಲ್ಲಿ 2. ಗೌಸ್‌ನ ಲೆಕ್ಕಕ್ಕೆ ಎರಡೂ ಸಮಶೇಷವೇ. ಅವುಗಳ ನಡುವಿನ ವ್ಯತ್ಯಾಸ 3.