ಕಣ್ಣೀರಿಗೊಂದು ಕುಣಿಯುವ ತಾಳ

ವಿರಹದ ಹಾಡೆಂದರೆ ನಿಧಾನ ಲಯ, ಅಳುವ ಪಿಟೀಲು ಎಂದೇ ನಮ್ಮ ಕಿವಿ ಪಳಗಿದೆ. ಪಾಶ್ಚಾತ್ಯ ಪಾಪ್‌ನಲ್ಲಿ ಈ ರೂಢಿಯನ್ನು ಗಟ್ಟಿಯಾಗಿ ಅಲ್ಲಾಡಿಸಿದ ಊರುಗಳಲ್ಲಿ ಮೊದಲು ಹೇಳಬೇಕಾದ್ದು ಅಮೆರಿಕದ ಕಾರುಗಳ ಪಟ್ಟಣ ಡೆಟ್ರಾಯ್ಟ್. ಅಲ್ಲಿ ಕಾರು ಕಾರ್ಖಾನೆಯಲ್ಲಿ ದುಡಿದಿದ್ದ ಬೆರ್ರಿ ಗಾರ್ಡಿ, 1959ರಲ್ಲಿ ಮನೆಯವರಿಂದ 800 ಡಾಲರ್ ಸಾಲ ಪಡೆದು ಮೋಟೌನ್ ಕಂಪನಿ ಕಟ್ಟಿದ. 1964ರಲ್ಲಿ ಅದರ ‘ದಿ ಸುಪ್ರೀಮ್ಸ್’ ತಂಡ ಹಾಡಿದ ‘ವೇರ್ ಡಿಡ್ ಅವರ್ ಲವ್ ಗೋ’ ಶುರುವಾಗುವುದೇ ಹಲಗೆಯ ಮೇಲೆ ಕಾಲು ಬಡಿಯುವ ಸದ್ದಿನಿಂದ. ಬಿಟ್ಟುಹೋಗುವವನನ್ನು ಅಂಗಲಾಚುವ ಮಾತು, ಕೇಳುವವರ ಕಾಲು ಸುಮ್ಮನಿರಲು ಬಿಡದ ತಾಳ. ಹಾಡಿದ ಹುಡುಗಿಯರಿಗೇ ಅದು ಹಿಡಿಸಿರಲಿಲ್ಲ! ಅಮೆರಿಕದ ಜನಪ್ರಿಯ ಪಟ್ಟಿಯಲ್ಲಿ ಮಾತ್ರ ಅದು ಮೊದಲ ಸ್ಥಾನಕ್ಕೇರಿತು.

ಅದೇ ಕಾಲದ ಅಮೆರಿಕದಲ್ಲಿ ಗ್ಲೋರಿಯಾ ಜೋನ್ಸ್ ಹಾಡಿದ ‘ಟೇಂಟೆಡ್ ಲವ್’ ನೆಲಕಚ್ಚಿತ್ತು. ಅದಕ್ಕೆ ಮರುಜೀವ ಸಿಕ್ಕಿದ್ದು ಉತ್ತರ ಇಂಗ್ಲೆಂಡಿನ ನೃತ್ಯ ಕ್ಲಬ್ಬುಗಳಲ್ಲಿ. 1981ರಲ್ಲಿ ‘ಸಾಫ್ಟ್ ಸೆಲ್’ ಜೋಡಿ ಅದನ್ನು ಸಿಂಥಸೈಜರ್ ಮೇಲೆ ನುಡಿಸಿ ಬ್ರಿಟನ್ನಿನಲ್ಲಿ ಗೆಲ್ಲಿಸಿತು. ನಡುವೆ ಡಿಸ್ಕೋ ಬಂತು. 1978ರ ‘ಐ ವಿಲ್ ಸರ್ವೈವ್’ ಮೊದಲು ತಟ್ಟೆಯ ಹಿಂಬದಿಯಲ್ಲಿದ್ದ ಹಾಡು. ಅದರಲ್ಲಿರುವುದು ವಿರಹಕ್ಕಿಂತ ವಿರಹ ಗೆದ್ದವಳ ಮೆರವಣಿಗೆ. ನನ್ನ ಲೆಕ್ಕಕ್ಕೆ ಅದು ಪಕ್ಕದ ಬೀದಿ.

ಈ ಕಲೆಯನ್ನು ಕುಸುರಿ ಕೆಲಸವಾಗಿಸಿದವರು ಸ್ವೀಡನ್ನಿನ ‘ಆಬಾ’. 1975ರ ‘ಎಸ್‌ಓಎಸ್’ ಕೇಳಿ: ಚರಣ ಮೈನರ್ ಸ್ವರಗಳಲ್ಲಿ ಒಳಗೊಳಗೇ ಕುಗ್ಗುತ್ತದೆ, ಪಲ್ಲವಿ ಬಂದೊಡನೆ ಮೇಜರ್‌ಗೆ ಹೊರಳಿ ಕಿಟಕಿ ತೆರೆದಂತಾಗುತ್ತದೆ. ನೋವು ಹೇಳುವ ಮಾತು ಮಾತ್ರ ಬದಲಾಗುವುದಿಲ್ಲ. ಬೇರೆಯಾಗುವ ಜೋಡಿಯ ಬಗೆಗಿನ ‘ನೋಯಿಂಗ್ ಮಿ, ನೋಯಿಂಗ್ ಯು’ ಹಾಡನ್ನು ಅವರು 1976ರಲ್ಲಿ ಮಾಡಿದಾಗ ತಂಡದ ಎರಡೂ ಜೋಡಿಗಳು ಒಟ್ಟಿಗೇ ಇದ್ದವು. ಮುಂದೆ ಎರಡೂ ಮುರಿದವು. 1980ರ ‘ದಿ ವಿನ್ನರ್ ಟೇಕ್ಸ್ ಇಟ್ ಆಲ್’ ಸಾಹಿತ್ಯ ಬರೆದವನು ತಂಡದ ಬ್ಯೋರ್ನ್, ಹಾಡಿದವಳು ಅವನಿಂದ ಬೇರೆಯಾಗಿದ್ದ ಅಗ್ನೆತಾ. ಆ ಸ್ಟುಡಿಯೋದಲ್ಲಿ ಅಂದು ನಿಂತಿರುವುದು ಸುಲಭವಿದ್ದಿರಲಾರದು.

ಸ್ವೀಡನ್ನಿನದೇ ಹುಡುಗಿ ರೋಬಿನ್ 2010ರಲ್ಲಿ ‘ಡಾನ್ಸಿಂಗ್ ಆನ್ ಮೈ ಓನ್’ ತಂದಳು. ಅಲ್ಲಿಯವರೆಗೆ ತಾಳ ಒಂದು ಕಡೆ, ಕಥೆ ಇನ್ನೊಂದು ಕಡೆ ಇರುತ್ತಿದ್ದವು. ಇಲ್ಲಿ ಕಥೆಯೇ ಕ್ಲಬ್ಬಿನೊಳಗೆ ನಡೆಯುತ್ತದೆ. ಅವನು ಇನ್ನೊಬ್ಬಳೊಂದಿಗಿದ್ದಾನೆ, ಇವಳು ಮೂಲೆಯಲ್ಲಿ ನೋಡುತ್ತ ಒಬ್ಬಳೇ ಕುಣಿಯುತ್ತಿದ್ದಾಳೆ. ಎದೆಗೆ ಗುದ್ದುವ ಆ ಬೇಸ್ ಹಿನ್ನೆಲೆಯಲ್ಲ, ಅವಳು ನಿಂತಿರುವ ನೆಲ.

2016ರಲ್ಲಿ ಗಾಯಕ ಕ್ಯಾಲಮ್ ಸ್ಕಾಟ್ ಆ ತಾಳವನ್ನೇ ತೆಗೆದು, ಪಿಯಾನೋ ಮೇಲೆ ನಿಧಾನವಾಗಿ ಹಾಡಿದ. ರೋಬಿನ್‌ಳ ಹಾಡು ಬ್ರಿಟಿಷ್ ಪಟ್ಟಿಯಲ್ಲಿ 8ನೇ ಸ್ಥಾನಕ್ಕೆ ನಿಂತಿತ್ತು, ಇವನದು 2ಕ್ಕೇರಿತು. ನನ್ನ ಮತ 8ಕ್ಕೇ.