ಸಿಂಗಪುರದ ಸೆರೆ

ಮಧುಗಿರಿಯ ಬೆಟ್ಟದ ಕೋಟೆ ಒಮ್ಮೆ ಸೆರೆಮನೆಯೂ ಆಗಿತ್ತೆಂಬುದು ನೋಡುವವರಿಗೆ ಥಟ್ಟನೆ ಹೊಳೆಯುವುದಿಲ್ಲ. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿ ರಾಣಿ ವೀರಮ್ಮಾಜಿಯನ್ನು ಇಲ್ಲಿ ಬಂಧನದಲ್ಲಿಟ್ಟಿದ್ದ. 1767ರಲ್ಲಿ ಕೋಟೆ ಮರಾಠರ ಕೈಸೇರಿದಾಗ ಆಕೆಗೆ ಬಿಡುಗಡೆಯಾಯಿತು. ಶಿರಾ, ಕೊರಟಗೆರೆ, ಪಾವಗಡಗಳಲ್ಲಿಯೂ ಕೋಟೆ ಕೊತ್ತಲಗಳ ಕಥೆ ಹೇಳುವವರಿಗೆ ಕೊರತೆಯಿಲ್ಲ. 1942ರಲ್ಲಿ ಸೆರೆಯಾದವರ ಮಾತೆತ್ತುವವರು ಮಾತ್ರ ವಿರಳ.

ನಮ್ಮ ದೊಡ್ಡಪ್ಪ ಕೊರಟಗೆರೆಯವರು. ಮೈಸೂರು ಸಂಸ್ಥಾನದ ಕಾಲ್ದಳದಲ್ಲಿದ್ದರು. ಅದರ ಮೊದಲನೆಯ ಪಟಾಲಮ್ಮು ಎರಡನೆಯ ಮಹಾಯುದ್ಧದಲ್ಲಿ ಸಿಂಗಪುರದ ರಕ್ಷಣೆಗೆ ಹೋಗಿತ್ತು. 1942ರ ಫೆಬ್ರವರಿ 15ರಂದು ಜನರಲ್ ಪರ್ಸಿವಲ್ ಬುಕಿಟ್ ತಿಮಾದ ಫೋರ್ಡ್ ಕಾರ್ಖಾನೆಯಲ್ಲಿ ಜಪಾನೀಯರಿಗೆ ಶರಣಾದ. ಎರಡು ದಿನಗಳ ಮೇಲೆ ಫ್ಯಾರರ್ ಪಾರ್ಕ್ ಮೈದಾನದಲ್ಲಿ ಸುಮಾರು 45,000 ಭಾರತೀಯ ಸೈನಿಕರನ್ನು ಸೇರಿಸಿ ಮೇಜರ್ ಫುಜಿವಾರಾಗೆ ಒಪ್ಪಿಸಲಾಯಿತು. ಬ್ರಿಟಿಷರ ವಿರುದ್ಧ ಹೋರಾಡಲು ಬನ್ನಿರೆಂದು ಕ್ಯಾಪ್ಟನ್ ಮೋಹನ್ ಸಿಂಗ್ ಕರೆಕೊಟ್ಟರು. ಸೇರಿದವರು ಸಾವಿರಾರು, ಸೇರದೆ ಉಳಿದವರೂ ಸಾವಿರಾರು. ಉಳಿದವರಲ್ಲಿ ಅನೇಕರನ್ನು ನ್ಯೂಗಿನಿಯ ಮೊದಲಾದ ದೂರದ್ವೀಪಗಳಿಗೆ ಕೂಲಿಯಾಳುಗಳಂತೆ ಸಾಗಿಸಿದರು.

ದೊಡ್ಡಪ್ಪ ಯಾವ ಕಡೆ? ಊರು ಕೇಳುತ್ತಿದ್ದುದು ಇದನ್ನೇ. ಅವರು ಎಲೆಯಡಿಕೆ ಮಡಿಸುತ್ತ ಸುಮ್ಮನಿರುತ್ತಿದ್ದರು. 1972ರಲ್ಲಿ ಕೇಂದ್ರ ಸರ್ಕಾರ ಸ್ವಾತಂತ್ರ್ಯಯೋಧರಿಗೆ ಪಿಂಚಣಿ ಏರ್ಪಡಿಸಿದಾಗ ಆಜಾದ್ ಹಿಂದ್ ಫೌಜಿನವರೂ ಅರ್ಹರಾದರು. “ಒಂದು ಅರ್ಜಿ ಹಾಕಿ, ಹೋದರೆ ಒಂದು ಕಾಗದ” ಎಂದು ದೊಡ್ಡಮ್ಮ ಅಂಗಲಾಚಿದರೂ ಹಾಕಲಿಲ್ಲ. ಬಿಳಿಯರ ಉಪ್ಪು ತಿಂದವನು ಎಂದು ಊರು ತೀರ್ಪು ಕೊಟ್ಟುಬಿಟ್ಟಿತು. ಇದು ಅವಸರದ ತೀರ್ಪೆಂದೇ ನನ್ನ ಭಾವನೆ. ಹಸಿವು ಬೇನೆಗಳ ನಡುವೆ ಮಾತಿಗೆ ಕಟ್ಟುಬಿದ್ದು ನಿಂತವರನ್ನು ಗುಲಾಮರೆನ್ನುವುದು ಸುಲಭ. ಫೌಜಿಗೆ ಹೋದವರೆಲ್ಲರೂ ಒಂದೇ ಕಾರಣಕ್ಕೆ ಹೋದರೆನ್ನುವುದೂ ಅಷ್ಟೇ ಸುಲಭ.

ಕೆಲವು ವರ್ಷಗಳ ಹಿಂದೆ ನಾವು ಮನೆಮಂದಿ ಸಿಂಗಪುರಕ್ಕೆ ಹೋದೆವು. ದೊಡ್ಡಪ್ಪನ ಮಗಳೂ ಜೊತೆಗಿದ್ದಳು. ಕ್ರಾಂಜಿಯ ಯುದ್ಧಸ್ಮಾರಕದಲ್ಲಿ, ಗೋರಿಯ ಗುರುತೂ ಇಲ್ಲದ 24,000ಕ್ಕೂ ಹೆಚ್ಚು ಜನರ ಹೆಸರುಗಳನ್ನು ಕೆತ್ತಿದ್ದಾರೆ. ಜ್ವರದಲ್ಲಿ ತಂದೆ ಕನವರಿಸುತ್ತಿದ್ದ ಒಬ್ಬನ ಹೆಸರನ್ನು ಅಕ್ಕ ಬೆರಳಿಟ್ಟು ಹುಡುಕಿದಳು. ಅದೇ ಹೆಸರಿನವರು ಒಬ್ಬರಲ್ಲ, ಹಲವರಿದ್ದರು.

ಸಂಜೆ ಫ್ಯಾರರ್ ಪಾರ್ಕಿನ ಹತ್ತಿರ ನಡೆಯುವಾಗ ಆ ದಿನದ ವೃತ್ತಾಂತವನ್ನೆಲ್ಲ ಅವಳಿಗೆ ಹೇಳಿದೆ. ಬಹಳ ಹೊತ್ತಿನ ಮೇಲೆ ಅಂದಳು: “ಅಪ್ಪ ಒಂದು ಜಾತ್ರೆಗೂ ನಮ್ಮನ್ನು ಕರಕೊಂಡು ಹೋಗಲಿಲ್ಲ ಕಣೋ. ಬಯಲಲ್ಲಿ ಜನ ಗುಂಪಾಗಿ ಕೂತಿದ್ದರೆ ಸುತ್ತಿ ಬೇರೆ ದಾರಿ ಹಿಡಿಯುತ್ತಿದ್ದರು. ಅಮ್ಮ ಅದನ್ನು ಜಂಬ ಅಂತಿದ್ದಳು.”