ಓಡಿದವರು ಮತ್ತು ಓಡಿಸಿದವರು

ಶಾಲೆಯ ಇತಿಹಾಸ ಬರೆಯುವಾಗ ಕಟ್ಟಡ, ಫಲಿತಾಂಶ, ದಾನಿಗಳು, ಮುಖ್ಯಾಧ್ಯಾಪಕರ ಪಟ್ಟಿ ಇವೆಲ್ಲ ತಪ್ಪದೆ ಬರುತ್ತವೆ. ಮೈದಾನದ ಇತಿಹಾಸ ಮಾತ್ರ ಬಿಟ್ಟುಹೋಗುತ್ತದೆ. ಸಂಪಾದಕ ಮಂಡಳಿಯವರು ಈ ಸುವರ್ಣ ಮಹೋತ್ಸವ ಸಂಚಿಕೆಗೆ ಲೇಖನ ಕೇಳಿದಾಗ ಹಳೆಯ ವಿದ್ಯಾರ್ಥಿಯಾಗಿ ನಾನು ಆ ವಿಷಯವನ್ನೇ ಆರಿಸಿಕೊಂಡೆ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಸೀಮೆಯ ಓಟದ ಕಥೆಯಲ್ಲಿ ದೇಶದ ಕ್ರೀಡಾ ಇತಿಹಾಸದ ಒಂದು ಪುಟವೇ ಅಡಗಿದೆ.

1982ರಲ್ಲಿ ದೆಹಲಿಯಲ್ಲಿ ಏಷ್ಯನ್ ಕ್ರೀಡಾಕೂಟ ನಡೆಯಿತು. 1984ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಹುಟ್ಟಿತು. ಗುಡ್ಡಗಾಡಿನಲ್ಲಿ, ಕಡಲತೀರದಲ್ಲಿ, ಬುಡಕಟ್ಟುಗಳಲ್ಲಿ ಸಹಜ ಶಕ್ತಿಯುಳ್ಳ ಮಕ್ಕಳನ್ನು ಹುಡುಕಿ ತರಬೇತಿ ಕೊಡುವ ‘ಸ್ಪೆಷಲ್ ಏರಿಯಾ ಗೇಮ್ಸ್’ ಎಂಬ ಯೋಜನೆಯನ್ನು ಪ್ರಾಧಿಕಾರ ಕೈಗೊಂಡಿತು. ಇದರ ಹೊಣೆ ಹೊತ್ತ ಅಧಿಕಾರಿ ಬಿ.ವಿ.ಪಿ. ರಾವ್. ಆಗ ಕೇಂದ್ರದ ಕ್ರೀಡಾ ಖಾತೆ ನಮ್ಮ ರಾಜ್ಯದವರೇ ಆದ ಮಾರ್ಗರೆಟ್ ಆಳ್ವ ಅವರಲ್ಲಿತ್ತು. ರಾಜಸ್ಥಾನದ ಕಾಡಿನಲ್ಲಿ ಬಿದಿರಿನ ಬಿಲ್ಲು ಹಿಡಿಯುತ್ತಿದ್ದ ಲಿಂಬಾ ರಾಮ್ ಮೂರು ಒಲಿಂಪಿಕ್ಸ್‌ಗಳಲ್ಲಿ ಭಾರತದ ಪರ ಬಾಣ ಬಿಟ್ಟದ್ದು ಇದೇ ಹುಡುಕಾಟದ ಫಲ.

ಹುಡುಕುವವರ ಕಣ್ಣು ನಮ್ಮ ಸಿದ್ದಿ ಮಕ್ಕಳ ಮೇಲೂ ಬಿತ್ತು. ಶತಮಾನಗಳ ಹಿಂದೆ ಪೋರ್ಚುಗೀಸರು ಮತ್ತು ಇತರ ವ್ಯಾಪಾರಿಗಳು ಆಫ್ರಿಕಾದಿಂದ ಗುಲಾಮರಾಗಿ ತಂದವರ ವಂಶಸ್ಥರು ಇವರು. ಗೋವೆಯಿಂದ ತಪ್ಪಿಸಿಕೊಂಡು ಘಟ್ಟ ಹತ್ತಿ, ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲಾ ಕಾಡುಗಳಲ್ಲಿ ನೆಲೆ ನಿಂತವರು. ಆಫ್ರಿಕಾದವರು ಜಗತ್ತನ್ನೇ ಓಡಿ ಗೆಲ್ಲುತ್ತಿರುವಾಗ ಇವರೇಕೆ ಗೆಲ್ಲಬಾರದು ಎಂಬುದು ಯೋಜನೆಯ ಲೆಕ್ಕಾಚಾರ. 1987ರ ಸುಮಾರಿಗೆ ಆಯ್ಕೆ ನಡೆದು, ಬರಿಗಾಲಲ್ಲಿ ಓಡುತ್ತಿದ್ದ ಹುಡುಗ ಹುಡುಗಿಯರು ಊರು ಬಿಟ್ಟು ತರಬೇತಿ ಕೇಂದ್ರ ಸೇರಿದರು. ಕಮಲಾ ಸಿದ್ದಿ, ಜೂಜೆ ಜಾಕಿ ಹರ್ನೋಡ್ಕರ್, ಫಿಲಿಪ್ ಆಂಟನಿ ಸಿದ್ದಿ ಮೊದಲಾದವರು ಕೆಲವೇ ವರ್ಷಗಳಲ್ಲಿ ರಾಷ್ಟ್ರಮಟ್ಟದಲ್ಲಿ ಹೆಸರು ಮಾಡಿದರು.

ಆದರೆ 1990ರ ದಶಕದ ಮೊದಲ ವರ್ಷಗಳಲ್ಲೇ ಸಿದ್ದಿಗಳ ಪಾಲಿನ ಯೋಜನೆ ನಿಂತುಹೋಯಿತು. 1989ರಲ್ಲಿ ಸರಕಾರ ಬದಲಾಗಿತ್ತು. ಯೋಜನೆಯ ಹಿಂದಿದ್ದವರೂ ಬದಲಾದರು. ಕೆಲವರಿಗೆ ಕ್ರೀಡಾ ಕೋಟಾದಲ್ಲಿ ನೌಕರಿ ಸಿಕ್ಕಿತು. ಉಳಿದವರು ಅರ್ಧ ಓದು, ಅರ್ಧ ಓಟ ಹೊತ್ತು ಊರಿಗೆ ಮರಳಿ ಗದ್ದೆ, ಕೂಲಿ ಕೆಲಸಕ್ಕೆ ಹೋದರು.

ಸಿದ್ದಿಗಳು ‘ಹುಟ್ಟು ಓಟಗಾರರು’ ಎಂದು ಹೊಗಳುವವರು ಇಂದಿಗೂ ಇದ್ದಾರೆ. ಆ ಹೊಗಳಿಕೆ ನನಗೆ ಸರಿಕಾಣುವುದಿಲ್ಲ. ರಕ್ತವೇ ಎಲ್ಲ ಮಾಡುವುದಾದರೆ ಮಾಸ್ತರರೇಕೆ, ಮೈದಾನವೇಕೆ? ಕೀನ್ಯಾದ ಇಟೆನ್ ಎಂಬ ಸಣ್ಣ ಊರನ್ನೇ ನೋಡಿ. ಸುಮಾರು 2,400 ಮೀಟರ್ ಎತ್ತರದ ಆ ಊರಿನ ಸೇಂಟ್ ಪ್ಯಾಟ್ರಿಕ್ಸ್ ಪ್ರೌಢಶಾಲೆಗೆ 1976ರಲ್ಲಿ ಐರ್ಲೆಂಡಿನಿಂದ ಕಾಮ್ ಓಕಾನಲ್ ಎಂಬ ಭೂಗೋಳದ ಮಾಸ್ತರರು ಬಂದರು. ಅವರಿಗೆ ಅಥ್ಲೆಟಿಕ್ಸ್ ತರಬೇತಿಯ ಹಿನ್ನೆಲೆ ಇರಲಿಲ್ಲ. ಮಕ್ಕಳ ಓಟ ನೋಡುತ್ತ ಕಲಿತರು. ದಶಕಗಳ ಕಾಲ ಅಲ್ಲೇ ಉಳಿದರು. ಅವರ ಶಿಷ್ಯ ಡೇವಿಡ್ ರುಡಿಶಾ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ 800 ಮೀಟರನ್ನು 1 ನಿಮಿಷ 40.91 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಬರೆದರು. ಇಟೆನ್‌ನಲ್ಲಿ ಒಳ್ಳೆಯ ಓಟಗಾರರಿದ್ದರು, ನಮ್ಮಲ್ಲೂ ಇದ್ದರು. ಅಲ್ಲಿ ಮಾಸ್ತರರು ಊರಿನಲ್ಲೇ ನಿಂತರು. ಇಲ್ಲಿ ಮಕ್ಕಳನ್ನೇ ಊರಿನಿಂದ ಕಿತ್ತು ಒಯ್ದೆವು, ಬೇರು ಹಿಡಿಯುವ ಮೊದಲೇ ನೀರು ನಿಲ್ಲಿಸಿದೆವು.

ಹಾಗೆಂದು ನಮ್ಮಲ್ಲಿ ಊರಲ್ಲೇ ನಿಂತವರು ಇರಲಿಲ್ಲವೆಂದಲ್ಲ. ನಮ್ಮ ಪಿ.ಟಿ. ಮಾಸ್ತರರು ಅಂಥವರು. ಹೆಸರು ಹಾಕಬಾರದೆಂಬ ಷರತ್ತಿನ ಮೇಲೆಯೇ ಅವರು ನನ್ನೊಡನೆ ಮಾತಾಡಿದ್ದು. ವರ್ಗಾವಣೆ ಬೇಡಿ ಹೋಗುವವರ ನಡುವೆ ಅವರು ಇಲ್ಲೇ ಉಳಿದರು. ಮಳೆಗಾಲ ಮುಗಿಯುತ್ತಲೇ ಹುಲ್ಲು ಕೀಳಿಸಿ, ಹಗ್ಗ ಎಳೆದು, ಸುಣ್ಣದ ಪುಡಿಯಲ್ಲಿ 200 ಮೀಟರಿನ ಟ್ರ್ಯಾಕ್ ಹಾಕಿಸುತ್ತಿದ್ದರು. ಪ್ರಮಾಣಿತ ಟ್ರ್ಯಾಕಿನಲ್ಲಿ 400 ಮೀಟರ್ ಓಟಕ್ಕೆ ಎರಡನೆಯ ಲೇನಿನವನು 7.04 ಮೀಟರ್ ಮುಂದೆ ನಿಲ್ಲುತ್ತಾನೆ. ಏಕೆ ಎಂದು ಅವರು ಕೋಲಿನಿಂದ ವೃತ್ತ ಬರೆದು ವಿವರಿಸಿದಾಗಲೇ ನನಗೆ ‘ಪೈ’ ಎಂದರೇನೆಂದು ತಲೆಗೆ ಹತ್ತಿದ್ದು. ರಿಲೇಯಲ್ಲಿ ಬ್ಯಾಟನ್ ಬದಲಾಯಿಸಲು ಆಗ ಇದ್ದ ಜಾಗ 20 ಮೀಟರ್. ಅಷ್ಟರೊಳಗೆ ಹಿಂದೆ ನೋಡದೆ ಕೈ ಚಾಚಬೇಕು. ‘ಹಿಂದಿನವನನ್ನು ನಂಬದಿದ್ದರೆ ಬ್ಯಾಟನ್ ಬೀಳುತ್ತದೆ’ ಎನ್ನುತ್ತಿದ್ದರು. ಸಿದ್ದಿ, ಗೌಳಿ, ಕುಣಬಿ, ಮರಾಠಾ, ಲಿಂಗಾಯತ, ಮುಸ್ಲಿಂ ಮನೆಗಳ ಹುಡುಗರು ಒಂದೇ ತಂಡದಲ್ಲಿ ಓಡುತ್ತಿದ್ದಾಗ ಆ ಮಾತಿಗೆ ಬೇರೆಯ ತೂಕವೂ ಇತ್ತು.

ತಾಲೂಕು ಗೆದ್ದವರನ್ನು ಜಿಲ್ಲಾಮಟ್ಟಕ್ಕೆ, ಅಲ್ಲಿಂದ ಬೆಳಗಾವಿ ವಿಭಾಗಕ್ಕೆ ಕೆಂಪು ಬಸ್ಸಿನಲ್ಲಿ ಕರೆದೊಯ್ಯುತ್ತಿದ್ದರು. ಬುತ್ತಿ ಇಲ್ಲದವರಿಗೆ ಅವರ ಮನೆಯ ರೊಟ್ಟಿ. ಸಿದ್ದಿ ಹುಡುಗಿಯೊಬ್ಬಳನ್ನು ಓಟಕ್ಕೆ ಕಳಿಸಲು ಅವಳ ತಾಯಿ ಒಪ್ಪದಿದ್ದಾಗ, ‘ಅವ್ವಾ, ಓದು ಬಿಡಿಸುವುದಿಲ್ಲ, ನನ್ನ ಹೊಣೆ’ ಎಂದು ಮಾತು ಕೊಟ್ಟರು. ಅವಳು ಪದಕ ತರಲಿಲ್ಲ. ಹತ್ತನೆಯ ತರಗತಿ ಪಾಸಾದಳು. ಮಾಸ್ತರರು ತಮ್ಮ ಗೆಲುವುಗಳಲ್ಲಿ ಅದನ್ನು ಮೊದಲು ಎಣಿಸುತ್ತಾರೆ.

ಈಗ ಕಾಲ ಬದಲಾಗಿದೆ. 2003ರಲ್ಲಿ ನಮ್ಮ ಜಿಲ್ಲೆಯ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿ ಅವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಹಳಿಯಾಳದ ಕುಸ್ತಿ ಕ್ರೀಡಾ ವಸತಿ ನಿಲಯದ ಮಣ್ಣಿನಲ್ಲಿ ಸಿದ್ದಿ ಹೆಣ್ಣುಮಕ್ಕಳೂ ಪಟ್ಟು ಕಲಿತು ಪದಕ ತರುತ್ತಿದ್ದಾರೆ. ಮುಂಡಗೋಡ ಭಾಗದಲ್ಲಿ ಬ್ರಿಡ್ಜಸ್ ಆಫ್ ಸ್ಪೋರ್ಟ್ಸ್ ಸಂಸ್ಥೆ ಮಕ್ಕಳಿಗೆ ಇಲ್ಲಿಯೇ ಓಟದ ತರಬೇತಿ ಕೊಡುತ್ತಿದೆ. ಊರಿನಲ್ಲೇ ತರಬೇತಿ, ಜೊತೆಗೆ ಓದು ಎಂಬ ಪಾಠ ತಡವಾಗಿಯಾದರೂ ಅರ್ಥವಾಗಿದೆ.

ಗ್ರಾಮಸ್ಥರಲ್ಲಿ, ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ. ಮಹೋತ್ಸವದ ನೆನಪಿಗೆ ಕಮಾನು ಕಟ್ಟೋಣ, ಬೇಡವೆನ್ನುವುದಿಲ್ಲ. ಆದರೆ ಮೈದಾನದ ಒಂದು ಮೂಲೆಯೂ ಕಟ್ಟಡಕ್ಕೆ ಹೋಗದಂತೆ ಕಾಯೋಣ. ದೈಹಿಕ ಶಿಕ್ಷಕರ ಹುದ್ದೆ ಎಂದೂ ಖಾಲಿ ಬೀಳದಂತೆ ಬೆನ್ನುಹತ್ತಿ ಕೇಳೋಣ. ಓಡುವ ಮಕ್ಕಳು ಈ ಸೀಮೆಯಲ್ಲಿ ಪ್ರತಿವರ್ಷ ಹುಟ್ಟುತ್ತಲೇ ಇರುತ್ತಾರೆ. ಅವರ ಜೊತೆ ಇಪ್ಪತ್ತು ವರ್ಷ ನಿಲ್ಲುವವರು ಬೇಕು.